1971ರ ಮುಂದಿನ ಗೆರೆ

ನಮ್ಮ ಕಳೆದ ಸಂಚಿಕೆಯಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳ ಪುರುಷರ ಫುಟ್‌ಬಾಲ್ ಚಾಂಪಿಯನ್ನರ ಪಟ್ಟಿ ಅಚ್ಚಾಗಿತ್ತು. ಅದನ್ನು ಓದಿದ ಧಾರವಾಡದ ನಿವೃತ್ತ ದೈಹಿಕ ಶಿಕ್ಷಕರೊಬ್ಬರು ಹೀಗೆ ಬರೆದಿದ್ದಾರೆ: “1970ರ ಮುಂದೆ ಸೇಂಟ್ ಲೂಯಿಸ್ ಎಂದಿದೆ, 1972ರ ಮುಂದೆಯೂ ಅದೇ ಹೆಸರು. ನಡುವಿನ 1971ರ ಮುಂದೆ ಮಾತ್ರ ಬರೀ ಗೆರೆ. ಇದು ಅಚ್ಚಿನ ದೋಷವೋ, ಆ ವರ್ಷ ಪಂದ್ಯಾವಳಿಯೇ ನಡೆಯಲಿಲ್ಲವೋ? ಅಲ್ಲಿ ನೆಲೆಸಿರುವ ನನ್ನ ಅಳಿಯ, ಹೋವರ್ಡ್ ತಂಡ ವಿದೇಶಿ ಆಟಗಾರರನ್ನು ಕಳ್ಳದಾರಿಯಲ್ಲಿ ತಂದು ಸಿಕ್ಕಿಬಿದ್ದ ವರ್ಷ ಅದು ಎನ್ನುತ್ತಾನೆ. ಹಾಗಿದ್ದರೆ 1974ರ ಮುಂದೆ ಅದೇ ತಂಡದ ಹೆಸರು ಹೇಗೆ ಬಂತು?”

ಸಂಪಾದಕರ ಉತ್ತರ:

ಅದು ಅಚ್ಚಿನ ದೋಷವಲ್ಲ. ಪಂದ್ಯಾವಳಿಯೂ ನಡೆದಿತ್ತು. 1971ರ ಡಿಸೆಂಬರ್ 30ರಂದು ಮಯಾಮಿಯ ಆರೆಂಜ್ ಬೌಲ್ ಕ್ರೀಡಾಂಗಣದಲ್ಲಿ ಫೈನಲ್ ಆಡಿದ ಹೋವರ್ಡ್ ವಿಶ್ವವಿದ್ಯಾಲಯ, ಸೇಂಟ್ ಲೂಯಿಸ್ ತಂಡವನ್ನು 3–2 ಗೋಲುಗಳಿಂದ ಸೋಲಿಸಿತ್ತು. ಆ ಗೆಲುವಿನ ತೂಕ ತಿಳಿಯಬೇಕಾದರೆ ಎದುರಾಳಿ ಯಾರೆಂಬುದನ್ನು ನೋಡಬೇಕು. ಎನ್‌ಸಿಎಎ ಎಂಬ ಕಾಲೇಜು ಕ್ರೀಡಾ ಸಂಘ 1959ರಲ್ಲಿ ಈ ಪಂದ್ಯಾವಳಿಯನ್ನು ಆರಂಭಿಸಿದಂದಿನಿಂದ 1970ರವರೆಗಿನ 12 ವರ್ಷಗಳಲ್ಲಿ ಸೇಂಟ್ ಲೂಯಿಸ್ 8 ಬಾರಿ ಪ್ರಶಸ್ತಿ ಗೆದ್ದಿತ್ತು. ಅದರಲ್ಲಿ 1967ರದು ಮಾತ್ರ ಮಿಷಿಗನ್ ಸ್ಟೇಟ್ ತಂಡದೊಡನೆ ಹಂಚಿಕೊಂಡದ್ದು. ಹೋವರ್ಡ್ ಆದರೋ, ಅಮೆರಿಕದ ಅಂತರ್ಯುದ್ಧ ಮುಗಿದ ಮೇಲೆ, 1867ರಲ್ಲಿ ರಾಜಧಾನಿ ವಾಷಿಂಗ್ಟನ್‌ನಲ್ಲಿ ಹುಟ್ಟಿ, ಕಪ್ಪು ಜನರ ಉನ್ನತ ಶಿಕ್ಷಣದ ಹೆಗ್ಗುರುತಾಗಿ ಬೆಳೆದ ಸಂಸ್ಥೆ. ಅಂಥ ವಿದ್ಯಾಸಂಸ್ಥೆಯೊಂದು ಎನ್‌ಸಿಎಎಯ ಅತ್ಯುನ್ನತ ವಿಭಾಗದಲ್ಲಿ, ಯಾವುದೇ ಆಟದಲ್ಲಿ, ರಾಷ್ಟ್ರೀಯ ಪ್ರಶಸ್ತಿ ಗೆದ್ದದ್ದು ಅದೇ ಮೊದಲು.

ಫುಟ್‌ಬಾಲ್ ಅಲ್ಲಿಗೆ ಹೊಸದೇನಾಗಿರಲಿಲ್ಲ. ಟೆಡ್ ಚೇಂಬರ್ಸ್ ಅವರ ತರಬೇತಿಯಲ್ಲಿ 1961ರಲ್ಲೇ ಹೋವರ್ಡ್, ಬಹುಪಾಲು ಸಣ್ಣ ಕಾಲೇಜುಗಳೇ ಇದ್ದ ಎನ್‌ಎಐಎ ಸಂಘದ ಪ್ರಶಸ್ತಿಯನ್ನು ಗೆದ್ದಿತ್ತು. 1970ರಲ್ಲಿ ತರಬೇತುದಾರರಾಗಿ ಬಂದ ಲಿಂಕನ್ ಫಿಲಿಪ್ಸ್ ಟ್ರಿನಿಡಾಡ್‌ನವರು, ಸ್ವತಃ ಗೋಲ್‌ಕೀಪರ್. ಟ್ರಿನಿಡಾಡ್, ಜಮೈಕಾ, ಗಿನಿ, ನೈಜೀರಿಯಾ ಮುಂತಾದ ದೇಶಗಳಿಂದ ಹೋವರ್ಡ್‌ಗೆ ಓದಲು ಬರುತ್ತಿದ್ದ ವಿದ್ಯಾರ್ಥಿಗಳೇ ಅವರ ತಂಡದ ಬೆನ್ನೆಲುಬು. ಆಫ್ರಿಕಾದಿಂದಲೂ ಕೆರಿಬಿಯನ್ ದ್ವೀಪಗಳಿಂದಲೂ ಆ ವಿಶ್ವವಿದ್ಯಾಲಯಕ್ಕೆ ವಿದ್ಯಾರ್ಥಿಗಳು ಬರುವುದು ಹಳೆಯ ರೂಢಿಯೇ ಹೊರತು ಕಪ್ ಗೆಲ್ಲುವುದಕ್ಕೆಂದು ತೆರೆದ ಕಳ್ಳದಾರಿಯಲ್ಲ. ನಿಮ್ಮ ಅಳಿಯಂದಿರ ಮಾತನ್ನು ನಾನು ಮೊದಲು ಒಪ್ಪದಿರುವುದು ಇಲ್ಲಿ.

ಆದರೆ ಅವರ ಮಾತು ಪೂರ್ತಿ ಸುಳ್ಳೂ ಅಲ್ಲ. ಎನ್‌ಸಿಎಎ ತನಿಖೆ ನಡೆಸಿ, ಹೋವರ್ಡ್ ಮೂರು ನಿಯಮಗಳನ್ನು ಮುರಿದಿದೆಯೆಂದು ತೀರ್ಮಾನಿಸಿತು. ಕಾಲೇಜು ಸೇರಿದ ಐದು ವರ್ಷಗಳೊಳಗೆ ವಿದ್ಯಾರ್ಥಿಯ ಆಟದ ಅವಧಿ ಮುಗಿಯಬೇಕೆಂಬುದು ಒಂದು. ಶಾಲೆಯ ಅಂಕ ಮತ್ತು ಪ್ರವೇಶ ಪರೀಕ್ಷೆಯ ಆಧಾರದ ಮೇಲೆ, ಕಾಲೇಜಿನಲ್ಲಿ 4ಕ್ಕೆ ಕನಿಷ್ಠ 1.600 ಸರಾಸರಿ ಅಂಕ ಪಡೆಯಬಲ್ಲನೆಂದು ಮುಂಚಿತವಾಗಿ ಲೆಕ್ಕ ಹಾಕಿ ತೋರಿಸಬೇಕೆಂಬುದು ಇನ್ನೊಂದು. ವಿದ್ಯಾರ್ಥಿ ಮುಂದೆ ನಿಜವಾಗಿ ಎಷ್ಟು ಅಂಕ ಪಡೆದ ಎಂಬುದಕ್ಕಿಂತ ಎಷ್ಟು ಪಡೆದಾನು ಎಂಬ ಊಹೆಗೇ ಬೆಲೆ ಕೊಡುತ್ತಿದ್ದ ಈ ವಿಚಿತ್ರ ನಿಯಮವನ್ನು ಸಂಘವೇ 1973ರಲ್ಲಿ ಕೈಬಿಟ್ಟಿತು. ಮೂರನೆಯದು ವಿದೇಶಿ ವಿದ್ಯಾರ್ಥಿಗಳ ನಿಯಮ. 19 ವರ್ಷ ತುಂಬಿದ ಮೇಲೆ, ಕಾಲೇಜು ಸೇರುವ ಮುನ್ನ, ವಿದೇಶಿ ವಿದ್ಯಾರ್ಥಿಯೊಬ್ಬ ಹೊರದೇಶದಲ್ಲಿ ಯಾವುದೇ ತಂಡಕ್ಕೆ ಆಡಿದ್ದರೆ, ಆಡಿದ ಪ್ರತಿ ವರ್ಷಕ್ಕೆ ಒಂದರಂತೆ ಅವನ ಕಾಲೇಜು ಆಟದ ವರ್ಷಗಳನ್ನು ಕಳೆಯಬೇಕು ಎಂದು ಅದು ಹೇಳುತ್ತಿತ್ತು. ಸಂಬಳವಿಲ್ಲದೆ ಊರಿನ ಕ್ಲಬ್ಬಿಗೆ ಸಂಜೆಹೊತ್ತು ಆಡಿದವನಿಗೂ ಇದೇ ಲೆಕ್ಕ. ಅದೇ ವಯಸ್ಸಿನ ಅಮೆರಿಕನ್ ಹುಡುಗ ತನ್ನ ಊರಿನಲ್ಲಿ ಅಷ್ಟೇ ವರ್ಷ ಆಡಿ ಬಂದರೆ ಅವನಿಗೆ ಈ ಕಡಿತವಿರಲಿಲ್ಲ.

ಹೀಗೆ 1971ರ ಪ್ರಶಸ್ತಿ ರದ್ದಾಯಿತು, 1973ರ ರಾಷ್ಟ್ರೀಯ ಪಂದ್ಯಾವಳಿಯಿಂದ ಹೋವರ್ಡ್ ಹೊರಗುಳಿಯಿತು. ಕಿತ್ತುಕೊಂಡ ಪ್ರಶಸ್ತಿಯನ್ನು ಸೋತ ತಂಡಕ್ಕೂ ಕೊಡಲಿಲ್ಲವಾದ್ದರಿಂದ ಆ ಜಾಗ ಖಾಲಿ ಉಳಿಯಿತು. ನೀವು ಕಂಡ ಗೆರೆ ಅದೇ. ವಿಶ್ವವಿದ್ಯಾಲಯ ಸುಮ್ಮನಿರದೆ ನ್ಯಾಯಾಲಯಕ್ಕೆ ಹೋಯಿತು. ವಿದೇಶಿ ವಿದ್ಯಾರ್ಥಿಗಳ ನಿಯಮ ಸಮಾನತೆಯ ತತ್ವಕ್ಕೆ ವಿರುದ್ಧವೆಂದು 1973ರಲ್ಲಿ ನ್ಯಾಯಾಧೀಶ ಗೆರ್ಹಾರ್ಡ್ ಗೆಸೆಲ್ ತೀರ್ಪಿತ್ತರು. 1975ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಉಳಿದೆರಡು ನಿಯಮಗಳು ಮಾತ್ರ ಸಿಂಧುವೆನಿಸಿದವು, ಪ್ರಶಸ್ತಿ ಮರಳಿ ಬರಲಿಲ್ಲ. ಇದು ಜನಾಂಗದ್ವೇಷದ ಫಲವೆಂದು ಅಂದೂ ಇಂದೂ ಅನೇಕರು ನಂಬಿದ್ದಾರೆ. ನ್ಯಾಯಾಲಯ ತೀರ್ಮಾನಿಸಿದ್ದು ಪರದೇಶದವರೆಂಬ ಭೇದವನ್ನು ಕುರಿತು, ಬಣ್ಣದ ಭೇದವನ್ನಲ್ಲ ಎಂಬುದನ್ನು ಮರೆಯಬಾರದು. ಆದರೂ ಮೂರರಲ್ಲಿ ಒಂದು ನಿಯಮ ಅಸಾಂವಿಧಾನಿಕವೆನಿಸಿ, ಇನ್ನೊಂದನ್ನು ಅದನ್ನು ಬರೆದವರೇ ಕೈಬಿಟ್ಟ ಮೇಲೆ ಶಿಕ್ಷೆ ಮಾತ್ರ ಇದ್ದಂತೆಯೇ ಉಳಿದದ್ದು ನನಗೆ ನ್ಯಾಯವಾಗಿ ಕಾಣುವುದಿಲ್ಲ.

ಇನ್ನು 1974. ನಿಷೇಧ ಮುಗಿಸಿ ಬಂದ ಫಿಲಿಪ್ಸ್‌ರ ತಂಡ ಆ ಋತುವಿನ 19 ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ, ಡ್ರಾ ಕೂಡ ಮಾಡಿಕೊಳ್ಳಲಿಲ್ಲ. ಫೈನಲ್‌ನಲ್ಲಿ ಎದುರಾದದ್ದು ಮತ್ತೆ ಸೇಂಟ್ ಲೂಯಿಸ್, ಅದೂ ಸೇಂಟ್ ಲೂಯಿಸ್ ನಗರದಲ್ಲೇ. 1–1ರಲ್ಲಿ ನಿಂತ ಆಟ ಹೆಚ್ಚುವರಿ ಅವಧಿಗಳಿಗೆ ಹೋಗಿ, ನಾಲ್ಕನೆಯದರಲ್ಲಿ ಕೆನೆತ್ ಇಲೊಡಿಗ್ವೆ ಹೊಡೆದ ಗೋಲಿನಿಂದ ಹೋವರ್ಡ್ 2–1ರಿಂದ ಗೆದ್ದಿತು. ಈ ಪ್ರಶಸ್ತಿಯನ್ನು ಯಾರೂ ಹಿಂಪಡೆಯಲಿಲ್ಲ. 1988ರಲ್ಲಿ ಹೋವರ್ಡ್ ಮತ್ತೊಮ್ಮೆ ಫೈನಲ್ ತಲುಪಿ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ 1–0ರಿಂದ ಸೋತಿತು. ಆ ಕಾಲದಲ್ಲಿ ಹೋವರ್ಡ್‌ನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದ ಗೋಲ್‌ಕೀಪರ್ ಶಾಕಾ ಹಿಸ್ಲಪ್ ಅವರನ್ನು ನೀವು ಟಿ.ವಿ.ಯಲ್ಲಿ ಕಂಡಿರಬಹುದು: 2006ರ ವಿಶ್ವಕಪ್‌ನಲ್ಲಿ ಸ್ವೀಡನ್‌ಗೆ ಒಂದೂ ಗೋಲು ಬಿಟ್ಟುಕೊಡದ ಟ್ರಿನಿಡಾಡ್ ಮತ್ತು ಟೊಬ್ಯಾಗೊ ತಂಡದ ಗೋಲ್‌ಕೀಪರ್ ಅವರೇ.

ಪಟ್ಟಿಯನ್ನು ವಿವರಣೆಯಿಲ್ಲದೆ ಅಚ್ಚು ಹಾಕಿದ್ದು ನಮ್ಮ ತಪ್ಪು. ಇನ್ನೊಮ್ಮೆ ಅದನ್ನು ಪ್ರಕಟಿಸುವಾಗ 1971ರ ಮುಂದೆ ಗೆರೆಯ ಬದಲು “ಹೋವರ್ಡ್ 3, ಸೇಂಟ್ ಲೂಯಿಸ್ 2, ಪ್ರಶಸ್ತಿ ನಂತರ ರದ್ದು” ಎಂದು ಬರೆಯುತ್ತೇವೆ.