ಮೈನು ಕಿತ್ತು ರಸ್ತೆ ಬಿಡಿಸಿದ್ದಕ್ಕೆ ಪರಮವೀರ ಚಕ್ರ

ಕಾರವಾರದ ಟ್ಯಾಗೋರ್ ಬೀಚಿಗೆ ಹೋಗಿದ್ದಾಗ ಚಪಲ್ ಯುದ್ಧನೌಕೆಯ ಹತ್ತಿರ ರಾಣೆಯವರ ಪ್ರತಿಮೆ ಕಂಡಿರಿ, ಅವರು ಎಷ್ಟು ಶತ್ರುಗಳನ್ನು ಕೊಂದಿದ್ದಕ್ಕೆ ಪರಮವೀರ ಚಕ್ರ ಬಂತು ಎಂದು ಕೇಳಿದ್ದೀರಿ. ನಾನು ಇದೇ ಊರಿನವನು, ಗೊತ್ತಿದ್ದಷ್ಟು ಹೇಳುತ್ತೇನೆ. ಅವರಿಗೆ ಪದಕ ಬಂದದ್ದು ಕೊಂದ ಲೆಕ್ಕಕ್ಕಲ್ಲ, ರಸ್ತೆ ಬಿಡಿಸಿದ್ದಕ್ಕೆ.

ರಾಮಾ ರಾಘೋಬಾ ರಾಣೆ ಹುಟ್ಟಿದ್ದು 1918ರಲ್ಲಿ, ಇಲ್ಲೇ ಪಕ್ಕದ ಚೆಂಡಿಯಾದಲ್ಲಿ. 1940ರಲ್ಲಿ ಬಾಂಬೆ ಸ್ಯಾಪರ್ಸ್ ಸೇರಿ ಬರ್ಮಾ ಯುದ್ಧ ಕಂಡರು. ಸ್ಯಾಪರ್ ಅಂದರೆ ಸೇನೆಯ ಎಂಜಿನಿಯರ್ ಪಡೆಯವರು. ಸೇತುವೆ ಕಟ್ಟುವುದು, ಬಂಡೆ ಸಿಡಿಸುವುದು, ಮೈನು ಅಂದರೆ ನೆಲದಲ್ಲಿ ಹುಗಿದ ಬಾಂಬು ಕೀಳುವುದು ಅವರ ಕೆಲಸ. ಹೆದ್ದಾರಿ 66 ಅಗಲ ಮಾಡುವಾಗ ನಮ್ಮ ಗುಡ್ಡ ಒಡೆದು ಬದಲಿ ದಾರಿ ಮಾಡಿದ್ದು ನೋಡಿದವರಿಗೆ ಆ ಕೆಲಸದ ಅಂದಾಜು ಇದ್ದೇ ಇದೆ. ಅದನ್ನೇ ಎದುರು ಗುಡ್ಡದಿಂದ ಮಷಿನ್ ಗನ್ ಸುರಿಯುತ್ತಿರುವಾಗ ಮಾಡಬೇಕು, ಅಷ್ಟೇ ವ್ಯತ್ಯಾಸ.

1948ರ ಏಪ್ರಿಲ್, ಪಾಕಿಸ್ತಾನದ ಜೊತೆ ಮೊದಲ ಕಾಶ್ಮೀರ ಯುದ್ಧದ ಹೊತ್ತು. ಜಮ್ಮು ಭಾಗದ ನೌಶೇರಾದಿಂದ ರಜೌರಿಗೆ ಟ್ಯಾಂಕುಗಳು ಹೋಗಬೇಕಿತ್ತು, ಶತ್ರು ದಾರಿಯುದ್ದಕ್ಕೂ ಮೈನು ಹುಗಿದು, ಮೋರಿ ಒಡೆದು, ಪೈನ್ ಮರ ಕೆಡವಿ ಇಟ್ಟಿದ್ದ. 8ನೇ ತಾರೀಖು ಕೆಲಸ ಶುರುವಾಗುವ ಹೊತ್ತಿಗೇ ಮೋರ್ಟಾರ್ ಬಿದ್ದು ಇಬ್ಬರು ಸ್ಯಾಪರ್‌ಗಳು ಸತ್ತರು, ಐವರಿಗೆ ಗಾಯ. ಆ ಐವರಲ್ಲಿ ರಾಣೆಯೂ ಒಬ್ಬರು. ಉಳಿದವರನ್ನು ಕೂಡಿಸಿಕೊಂಡು ಮತ್ತೆ ಇಳಿದರು, ರಾತ್ರಿ ಹತ್ತರವರೆಗೆ ಎದ್ದಿಲ್ಲ. ಮರುದಿನ ಬೆಳಿಗ್ಗೆ ಆರಕ್ಕೆ ಮತ್ತೆ ಶುರು. ಬದಲಿ ದಾರಿ ಸಿದ್ಧವಾದ ಮೇಲೆ ಟ್ಯಾಂಕುಗಳ ಮುಂದಿನ ಗಾಡಿಯಲ್ಲೇ ಹತ್ತಿ ಕೂತರು. ಅರ್ಧ ಮೈಲಿಗೆ ಮರ ಅಡ್ಡ, ಇಳಿದು ಸಿಡಿಸು. ಮುನ್ನೂರು ಗಜಕ್ಕೆ ಮತ್ತೆ ಮರ, ಮತ್ತೆ ಇಳಿ. ಕತ್ತಲಾಗುವ ಹೊತ್ತಿಗೆ ಐದು ದೊಡ್ಡ ಮರ, ಸುತ್ತ ಮೈನು, ಮೇಲಿಂದ ಗುಂಡು. ಅದನ್ನು 10ರ ನಸುಕಿನ ಪೌಣೆ ಐದಕ್ಕೆ ಹಿಡಿದು ಆರೂವರೆಯೊಳಗೆ ಬಿಡಿಸಿದರು.

ಆಮೇಲಿನದು ನನಗೆ ಎಲ್ಲಕ್ಕಿಂತ ದೊಡ್ಡದು. ಟ್ಯಾಂಕುಗಳು ತವಿ ಹೊಳೆಯ ಪಾತ್ರಕ್ಕೆ ಇಳಿದು ಮುಂದೆ ಹೋದವು, ಮಧ್ಯಾಹ್ನ ಎರಡಕ್ಕೆ ರಜೌರಿ ದಾರಿಯಲ್ಲಿರುವ ಚಿಂಗಸ್ ಮುಟ್ಟಿದವು. ರಾಣೆ ಅಲ್ಲಿಗೆ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಹಿಂದಿನಿಂದ ಸಾಮಾನು ತರುವ ಲಾರಿಗಳಿಗೆ ರಸ್ತೆಯೇ ಬೇಕಲ್ಲ? ಊಟ ವಿಶ್ರಾಂತಿ ಬಿಟ್ಟು ರಾತ್ರಿ ಒಂಬತ್ತರವರೆಗೆ ದುಡಿದರು, 11ರಂದು ಬೆಳಿಗ್ಗೆ ಹನ್ನೊಂದಕ್ಕೆ ಚಿಂಗಸ್‌ವರೆಗಿನ ದಾರಿ ತೆರೆದರು, ಮತ್ತೆ ರಾತ್ರಿ ಹತ್ತರವರೆಗೆ ಮುಂದಿನದಕ್ಕೆ ಕೈ ಹಾಕಿದರು. 12ಕ್ಕೆ ರಜೌರಿ ನಮ್ಮ ಸೇನೆಗೆ ಸಿಕ್ಕಿತು. ಸಿಟ್ಟಿನಲ್ಲಿ ಒಂದು ಗಳಿಗೆ ನುಗ್ಗುವ ಧೈರ್ಯ ಬೇರೆ, ಗಾಯವಾದ ಮೈಯಲ್ಲಿ ನಾಲ್ಕು ದಿನ ಮೈನಿನ ಮುಂದೆ ಕೈ ನಡುಗದಂತೆ ಕೂರುವುದು ಬೇರೆ. ಎರಡನೆಯದು ಹೆಚ್ಚು ಕಷ್ಟ ಎಂಬುದು ನನ್ನ ಅಭಿಪ್ರಾಯ.

ಪದಕದ ಬಗ್ಗೆಯೂ ಕೇಳಿದ್ದಿರಿ: ಕಂಚಿನದು, ಮೂರೂವರೆ ಸೆಂಟಿಮೀಟರ್ ಅಗಲ, ನಾಲ್ಕು ವಜ್ರಾಯುಧ, ನೇರಳೆ ಪಟ್ಟಿ. ಸ್ಥಾಪನೆಯಾದದ್ದು 1950ರ ಜನವರಿ 26ರಂದು, ಆದರೆ 1947ರ ಆಗಸ್ಟ್ 15ರಿಂದಲೇ ಅನ್ವಯ. ಹಾಗಾಗಿ ಈ ಕಾರ್ಯವೂ ಅದರಡಿ ಬಂತು. ಜೀವಂತವಾಗಿದ್ದು ಅದನ್ನು ಪಡೆದ ಮೊದಲಿಗರಲ್ಲಿ ನಮ್ಮ ರಾಣೆಯೂ ಒಬ್ಬರು. ಮೇಜರ್ ಆಗಿ ನಿವೃತ್ತರಾಗಿ, 1994ರಲ್ಲಿ ಪುಣೆಯಲ್ಲಿ ತೀರಿಕೊಂಡರು. 2023ರಲ್ಲಿ ಅಂಡಮಾನಿನ ಒಂದು ದ್ವೀಪಕ್ಕೂ ಅವರ ಹೆಸರಿಟ್ಟಿದ್ದಾರೆ.