ಪಂಚಮಿ ವಾರಕ್ಕೆ ಚಾರ್ಟ್ ಬೇಡ, ನಾದಿನಿಯರ ಹೆಸರಿಗೆ ಪಾಳಿಯಂತೂ ಬೇಡವೇ ಬೇಡ

ನಾಗರ ಪಂಚಮಿಗೆ ಇಬ್ಬರು ನಾದಿನಿಯರು ಮಕ್ಕಳ ಸಮೇತ ಬೆಂಗಳೂರಿಗೆ ಬರುತ್ತಿದ್ದಾರೆ, ಅಮಾವಾಸ್ಯೆಯಿಂದ ಷಷ್ಠಿವರೆಗೆ ಇರುತ್ತಾರೆ, ಪಂಚಮಿ ದಿನವೇ ಮಗನ ಹುಟ್ಟುಹಬ್ಬ, ನನಗೆ ಆಫೀಸು. ಮೂರು ಹೊತ್ತಿನ ಮೆನು, ಯಾರಿಗೆ ಯಾವ ಕೆಲಸ, ಎಲ್ಲ ಸೇರಿಸಿ ಒಂದು ಚಾರ್ಟ್ ಹೇಗೆ ಮಾಡಲಿ ಅಂತ ಕೇಳಿದ್ದೀರಿ.

ನಾನು ಮಾಡಿದ್ದೆ. ಎಕ್ಸೆಲ್‌ನಲ್ಲಿ, ಬಣ್ಣ ತುಂಬಿಸಿ.

ನಮ್ಮದು ಗದಗಿನ ಕಡೆ. ಮದುವೆಯಾದ ಮೇಲೆ ಪ್ರತಿ ಪಂಚಮಿಗೂ ಅತ್ತೆಯ ಮನೆಗೇ ಹೋಗುತ್ತಿದ್ದೆವು. ನಾದಿನಿಯರೂ ಅಲ್ಲಿಗೇ ಬರುತ್ತಿದ್ದರು. ಮಾವ ತೀರಿಕೊಂಡ ಮೇಲೆ ಆ ಮನೆಗೆ ಬೀಗ ಬಿತ್ತು, ಅತ್ತೆ ನಮ್ಮ ಜೊತೆ ಬೆಂಗಳೂರಿಗೆ ಬಂದರು. ಹಬ್ಬವೂ ಅವರ ಹಿಂದೆಯೇ ನಮ್ಮ ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ ಬಂತು. ನಾನಾಗ ಒಂದು ಬ್ಯಾಂಕಿನ ಕೌಂಟರಿನಲ್ಲಿದ್ದೆ, ರಜೆ ಸಿಗುವುದು ಕಷ್ಟ. ಹಾಗಾಗಿ ಚಾರ್ಟ್ ಮಾಡಿದೆ. ಎಡಗಡೆ ದಿನಗಳು, ಮೇಲ್ಗಡೆ ನಾಷ್ಟಾ, ಊಟ, ಸಂಜೆಯ ಚಹಾ, ರಾತ್ರಿ. ಕೊನೆಯ ಸಾಲಿನಲ್ಲಿ ‘ಜವಾಬ್ದಾರಿ’. ನನ್ನ ಯಜಮಾನರು ನೋಡಿ ಭಾಳ ಖುಷಿಪಟ್ಟರು. ಆಫೀಸಿನಲ್ಲಿ ಪ್ರಿಂಟ್ ತೆಗೆದು ತಂದರು. ನಾನು ಅದನ್ನು ಫ್ರಿಜ್‌ಗೆ ಅಂಟಿಸಿದೆ.

ದೊಡ್ಡ ನಾದಿನಿ ರಾಣೆಬೆನ್ನೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದಿಳಿದರು. ಕೈಕಾಲು ತೊಳೆದು ನೀರು ಕುಡಿಯಲು ಅಡುಗೆಮನೆಗೆ ಹೋದವರು ಫ್ರಿಜ್ ಮುಂದೆ ನಿಂತರು. ಚೌತಿ ದಿನ, ಸಂಜೆ ಭಾಂಡೆ (ಪಾತ್ರೆ ತೊಳೆಯುವುದು): ಅವರ ಹೆಸರು. ಪಂಚಮಿ ದಿನ, ಕಡುಬು ತುಂಬುವುದು: ಅವರ ಹೆಸರು. ಚಿಕ್ಕ ನಾದಿನಿ ಬಸುರಿ, ಅವಳಿಗೆ ಕೆಲಸ ಕಡಿಮೆ ಹಾಕಿದ್ದೆ. ಅದೂ ಕಣ್ಣಿಗೆ ಬಿದ್ದಿರಬೇಕು. ಚಿಕ್ಕವಳು ನಕ್ಕು, ‘ವೈನಿ, ನನಗ ಬರೇ ಕಾಳು ಆರಿಸೋದಾ?’ ಅಂದಳು. ದೊಡ್ಡವರು ಏನೂ ಅನ್ನಲಿಲ್ಲ. ಚಾರ್ಟಿನಲ್ಲಿದ್ದ ಹಾಗೆ ಒಂದೂ ಬಿಡದೆ, ಹೊತ್ತಿಗೆ ಸರಿಯಾಗಿ ಮಾಡಿದರು. ಪಂಚಮಿಯ ಸಂಜೆಗೇ ‘ಮನೆಯಲ್ಲಿ ತೊಂದರೆಯಿದೆ’ ಅಂತ ಹೊರಟುಬಿಟ್ಟರು. ಆಮೇಲೆ ಅತ್ತೆ ಬದುಕಿರುವ ತನಕ ಪಂಚಮಿಗೆ ಅವರು ನಮ್ಮ ಮನೆಗೆ ಬರಲಿಲ್ಲ. ದೀಪಾವಳಿಗೆ ಬಂದರು, ಮದುವೆ ಮುಂಜಿಗೆ ಬಂದರು. ಪಂಚಮಿಗಿಲ್ಲ.

ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನನಗೇ ಇದು ಅರ್ಥವಾಗಲು ಬಹಳ ಕಾಲ ಹಿಡಿಯಿತು. ಕೆಲಸ ಹೇಳಿದ್ದಕ್ಕೆ ಸಿಟ್ಟು ಅಂತ ನಾನು ತಿಳಿದಿದ್ದೆ. ಅದಕ್ಕೆ ನನಗೂ ಸಿಟ್ಟು ಬಂದಿತ್ತು. ಒಂದು ಹೊತ್ತು ಪಾತ್ರೆ ತೊಳೆದರೆ ಏನಾಗುತ್ತದೆ, ನಾನು ದಿನಾ ತೊಳೆಯುವುದಿಲ್ಲವೇ ಅಂತ. ಆದರೆ ಇದೇ ನಾದಿನಿ ಗದಗಿನ ಮನೆಯಲ್ಲಿ ನಡುರಾತ್ರಿವರೆಗೆ ಕೂತು ಉಂಡಿ ಕಟ್ಟಿದ್ದನ್ನು ನಾನೇ ನೋಡಿದ್ದೆ. ಯಾರೂ ಕರೆದಿರುತ್ತಿರಲಿಲ್ಲ. ಅತ್ತೆ ಪರಾತ (ಅಗಲದ ದೊಡ್ಡ ತಟ್ಟೆ) ಇಟ್ಟುಕೊಂಡು ಕೂತರೆ ಇವರು ಬಂದು ಎದುರಿಗೆ ಕೂರುತ್ತಿದ್ದರು, ಗಂಡನ ಮನೆಯ ಸುದ್ದಿ ಹೇಳುತ್ತ ಹೇಳುತ್ತ ಕೈ ತಾನೇ ಪರಾತಕ್ಕೆ ಹೋಗುತ್ತಿತ್ತು. ಬೇಜಾರಾದರೆ ಎದ್ದು ಹೋಗಿ ಮಲಗುತ್ತಿದ್ದರು. ಯಾಕೆ ಎದ್ದೆ ಅಂತ ಕೇಳುವವರಿರಲಿಲ್ಲ. ತವರಿನಲ್ಲಿ ಹೆಣ್ಣುಮಗಳಿಗೆ ಇರುವ ಸವಲತ್ತೇ ಅದು, ಎದ್ದು ಹೋಗಿ ಮಲಗುವುದು. ನನ್ನ ಚಾರ್ಟ್ ಅದನ್ನೇ ಕಿತ್ತುಕೊಂಡಿತ್ತು. ಉತ್ತರ ಕರ್ನಾಟಕದಲ್ಲಿ ಪಂಚಮಿ ಅಂದರೆ ಮದುವೆಯಾದ ಹೆಣ್ಣುಮಕ್ಕಳ ರಜೆ, ಅಲ್ವಾ? ನಾನು ಅವರ ರಜೆಗೆ ಪಾಳಿ ಹಚ್ಚಿದ್ದೆ. ‘ನಾ ತವರಮನಿಗೆ ಬಂದೀನೋ, ಡ್ಯೂಟಿಗೆ ಬಂದೀನೋ’ ಅಂತ ಅವರು ಅತ್ತೆಯ ಮುಂದೆ ಅಂದಿದ್ದರಂತೆ. ಅತ್ತೆ ಅದನ್ನು ನನಗೆ ಹೇಳಿದ್ದು ಎಷ್ಟೋ ವರ್ಷದ ಮೇಲೆ, ಅದೂ ಬೇರೆ ಯಾವುದೋ ಮಾತಿನ ನಡುವೆ.

ಇನ್ನೊಂದು. ಆ ಚಾರ್ಟಿನಲ್ಲಿ ನನ್ನ ಗಂಡನ ಹೆಸರು ಒಂದೇ ಒಂದು ಕಡೆ ಇತ್ತು: ‘ಸಾಮಾನು ತರುವುದು’. ಬರುವವರು ಅವರ ಅಕ್ಕತಂಗಿಯರು! ಹಾಲು ಎರೆಯುವುದು, ಹಬ್ಬದ ಸೀರೆ, ಕುಬುಸ, ಎಲ್ಲ ಅಣ್ಣತಮ್ಮಂದಿರ ಹೆಸರಿನಲ್ಲೇ ನಡೆಯುವ ಹಬ್ಬ ಇದು. ಕೆಲಸ ಹಂಚಲೇಬೇಕು ಅಂತಿದ್ದರೆ ನಿಮ್ಮ ಮತ್ತು ನಿಮ್ಮ ಯಜಮಾನರ ನಡುವೆ ಹಂಚಿಕೊಳ್ಳಿ. ಅದೂ ಬಾಯಲ್ಲಿ, ಬಾಗಿಲು ಹಾಕಿಕೊಂಡು. ಭಾಂಡೆ ಪೂರ್ತಿ ಅವರದು. ಮನೆಗೆಲಸದವರು ಹಬ್ಬಕ್ಕೆ ರಜೆ ಹಾಕುತ್ತಾರೆ, ಹಾಕಲೇಬೇಕು, ಅವರಿಗೂ ಮನೆ ಇದೆ.

ಈಗ ಮೆನು. ನಿಮ್ಮ ಪ್ರಶ್ನೆಯ ಈ ಭಾಗವನ್ನೂ ನಾನು ಒಪ್ಪುವುದಿಲ್ಲ. ಪಂಚಮಿ ವಾರಕ್ಕೆ ಮೆನು ನೀವು ಹೊಸದಾಗಿ ಮಾಡಬೇಕಾಗಿಲ್ಲ. ಹಬ್ಬವೇ ಮಾಡಿಟ್ಟಿದೆ. 2026ರ ದಿನಗಳನ್ನು ನೋಡಿ. ನಾಗರ ಅಮಾವಾಸ್ಯೆ ಆಗಸ್ಟ್ 12 ಬುಧವಾರ. ರೊಟ್ಟಿ ಪಂಚಮಿ 15 ಶನಿವಾರ, ನಾಗಚೌತಿ 16 ಭಾನುವಾರ, ಪಂಚಮಿ 17 ಸೋಮವಾರ, ಷಷ್ಠಿ 18 ಮಂಗಳವಾರ. ಅಂದರೆ ಜಾಸ್ತಿ ಕೆಲಸದ ಎರಡು ದಿನ ನಿಮಗೆ ರಜೆಯಲ್ಲೇ ಸಿಕ್ಕಿವೆ. ಪಂಚಮಿಗೆ ಒಂದು ದಿನ ರಜೆ ಹಾಕಿದರೆ ಮುಗಿಯಿತು, ಇಡೀ ವಾರ ಬೇಡ.

ನಮ್ಮ ಕಡೆ ಚೌತಿಗೆ, ಪಂಚಮಿಗೆ ಒಲೆಯ ಮೇಲೆ ಹಂಚು ಇಡುವುದಿಲ್ಲ, ಎಣ್ಣೆಯಲ್ಲಿ ಕರಿಯುವುದಿಲ್ಲ. ಕೆಲವು ಮನೆಗಳಲ್ಲಿ ಈಳಿಗೆ, ಚಾಕು ಕೂಡ ಮುಟ್ಟುವುದಿಲ್ಲ. ನಿಮ್ಮ ಅತ್ತೆಯನ್ನು ಮೊದಲು ಇದನ್ನೇ ಕೇಳಿ, ಒಂದೊಂದು ಮನೆಯದು ಒಂದೊಂದು ಪದ್ಧತಿ. ಆ ಎರಡು ದಿನ ಏನು ಉಣ್ಣಬೇಕು ಅಂತ ಯೋಚಿಸಿದವರೇ ಹಿಂದಿನ ದಿನಕ್ಕೆ ರೊಟ್ಟಿ ಹಬ್ಬ ಇಟ್ಟಿದ್ದಾರೆ ಅಂತ ನನ್ನ ಊಹೆ. ಖಟಿ ಜೋಳದ ರೊಟ್ಟಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಕೆಂಪು ಖಾರ, ಗಟ್ಟಿ ಮೊಸರು. ಯಾವುದೂ ಕೆಡುವುದಿಲ್ಲ, ಯಾವುದನ್ನೂ ಬಿಸಿ ಮಾಡಬೇಕಾಗಿಲ್ಲ. ರೊಟ್ಟಿ ಹಬ್ಬದ ಆ ಒಂದು ದಿನಕ್ಕೆ ಎಣ್ಣೆಗಾಯಿ, ಪುಂಡಿಪಲ್ಯ ಮಾಡಿಬಿಡಿ. ಅಕ್ಕಪಕ್ಕದ ಮನೆಗೆ ರೊಟ್ಟಿ ಕೊಟ್ಟು ಕಳಿಸಿ. ನಮ್ಮ ಮಹಡಿಯಲ್ಲಿ ಒಬ್ಬರು ಪ್ರತಿ ವರ್ಷ ರೊಟ್ಟಿಗೆ ಬದಲು ಇಡ್ಲಿ ಕೊಡುತ್ತಾರೆ, ನಡೆಯುತ್ತದೆ.

ರೊಟ್ಟಿ ಎಲ್ಲ ನೀವೇ ಬಡಿಯಬೇಡಿ. ಬೆಂಗಳೂರಿನಲ್ಲೂ ರೊಟ್ಟಿ ಮಾಡಿ ಮಾರುವ ನಮ್ಮ ಕಡೆಯ ಹೆಂಗಸರಿದ್ದಾರೆ, ಖಾನಾವಳಿಗಳಿವೆ. ಮುಂಚೆಯೇ ಹೇಳಿಡಿ, ಹಬ್ಬದ ಹಿಂದಿನ ದಿನ ಕೇಳಿದರೆ ಸಿಗುವುದಿಲ್ಲ. ಹತ್ತು ರೊಟ್ಟಿ ಮನೆಯಲ್ಲಿ ಬಡಿದು ಬುಟ್ಟಿಯ ಮೇಲೆ ಇಡಿ. ಯಾರಿಗೂ ಗೊತ್ತಾಗುವುದಿಲ್ಲ. (ಗೊತ್ತಾಗುತ್ತದೆ. ಆದರೆ ಯಾರೂ ಹೇಳುವುದಿಲ್ಲ.) ಶ್ರಾವಣದ ತಂಪಿಗೆ ರೊಟ್ಟಿ ಮೆತ್ತಗಾಗುತ್ತದೆ, ಬಿಸಿ ಇರುವಾಗಲೇ ಡಬ್ಬಿಗೆ ಹಾಕಿ ಮುಚ್ಚಿದರೆ ಬೂಸ್ಟು ಹಿಡಿಯುತ್ತದೆ. ಪೂರ್ತಿ ಆರಲಿ. ಆಮೇಲೆ ಬಟ್ಟೆ ಹಾಸಿದ ಬುಟ್ಟಿಯಲ್ಲಿಡಿ.

ಚೌತಿಗೆ ಉಸಳಿ ಸಾಕು. ಮಡಕಿಕಾಳನ್ನು ಶುಕ್ರವಾರ ಬೆಳಿಗ್ಗೆ ನೆನೆಹಾಕಿ, ರಾತ್ರಿ ಬಟ್ಟೆಯಲ್ಲಿ ಕಟ್ಟಿ. ಭಾನುವಾರಕ್ಕೆ ಮೊಳಕೆ ಚೆನ್ನಾಗಿ ಬಂದಿರುತ್ತದೆ. ಪಂಚಮಿಗೆ ಹೂರಣದ ಕಡುಬು, ಉಗಿಯಲ್ಲಿ ಬೇಯಿಸಿದ್ದು. ಕಡಲೆಬೇಳೆ ಬೇಯಿಸಿ ಬಸಿದ ಕಟ್ಟನ್ನು ಚೆಲ್ಲಬೇಡಿ, ಅದೇ ಕಟ್ಟಿನ ಸಾರು. ಅನ್ನ, ಸಾರು, ಕಡುಬು, ತುಪ್ಪ. ಇದಕ್ಕಿಂತ ಜಾಸ್ತಿ ಬೇಡ. ಒಂದು ಮಾತು, ಈ ಸಲ ಪಂಚಮಿ ಮೊದಲ ಶ್ರಾವಣ ಸೋಮವಾರಕ್ಕೆ ಬಂದಿದೆ. ಮನೆಯಲ್ಲಿ ಸೋಮವಾರ ಒಪ್ಪತ್ತು ಮಾಡುವವರಿದ್ದರೆ ಅವರು ಉಣ್ಣುವುದು ಒಂದೇ ಹೊತ್ತು. ಎಷ್ಟು ಜನ ಅಂತ ಕೇಳಿಕೊಂಡೇ ಬೇಳೆ ಅಳೆಯಿರಿ. ನನ್ನ ಚಾರ್ಟಿನ ಪಂಚಮಿ ರಾತ್ರಿಯ ಚೌಕದಲ್ಲಿ ‘ಚಪಾತಿ’ ಅಂತ ಬರೆದಿದ್ದೆ. ಹಂಚು ಇಡದ ದಿನ ಚಪಾತಿ! ಅತ್ತೆ ಅದನ್ನು ಓದಿಯೂ ಸುಮ್ಮನಿದ್ದರು ನೋಡಿ.

ಬುಧ, ಗುರು, ಶುಕ್ರ ಮಾಮೂಲಿ ದಿನ. ಅವಲಕ್ಕಿ, ಉಪ್ಪಿಟ್ಟು, ಚುರುಮುರಿ ಸೂಸಲ, ಅನ್ನ ಸಾರು. ಅದಕ್ಕೆಲ್ಲ ಪ್ಲಾನ್ ಯಾಕೆ?

ಯೋಜನೆ ಬೇಕಿರುವುದು ಉಂಡಿಗೆ. ಅದು ನೆಂಟರು ಬರುವ ಮುಂಚೆ, ಹಿಂದಿನ ಶನಿವಾರ ಭಾನುವಾರ. ಅಂದರೆ 8 ಮತ್ತು 9. ಬಹಳ ದಿನ ಇರುವಂಥದ್ದು ಮೊದಲು. ಅಂಟಿನ ಉಂಡಿ, ಎಳ್ಳುಂಡಿ, ಬೇಸನ್ ಉಂಡಿ. ಅಂಟನ್ನು ತುಪ್ಪದಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿ, ಅರಳಿ ಒಳಗೂ ಗರಿಯಾಗಬೇಕು, ಇಲ್ಲದಿದ್ದರೆ ಹಲ್ಲಿಗೆ ಮೆತ್ತಿಕೊಳ್ಳುತ್ತದೆ. ರವೆ ಉಂಡಿಗೆ ಒಂದೆಳೆ ಪಾಕ. ಹಸಿ ತೆಂಗಿನಕಾಯಿ ಹಾಕಬೇಡಿ, ಒಣ ಕೊಬ್ಬರಿ ಹಾಕಿ, ಹಸಿಯದು ವಾರ ತಡೆಯುವುದಿಲ್ಲ. ತಂಬಿಟ್ಟು ಶುಕ್ರವಾರ ರಾತ್ರಿ ಮಾಡಿದರೆ ಸಾಕು. ಗುಳ್ಳಡಕಿ ಉಂಡಿಯ ತಂಟೆಗೆ ಹೋಗಬೇಡಿ. ಅಷ್ಟು ಸಣ್ಣ ಗುಳಿಗೆ ಹೊಸೆಯುವ ಪುರುಸೊತ್ತು ಕೆಲಸಕ್ಕೆ ಹೋಗುವವರಿಗಿಲ್ಲ, ಬೇಕೇ ಬೇಕು ಅಂದರೆ ಊರಿನಿಂದ ನಾದಿನಿಯರೇ ತಂದಾರು.

ಶೇಂಗಾ ಉಂಡಿ ಮಾತ್ರ ಬೇಕಂತಲೇ ಉಳಿಸಿಕೊಳ್ಳಿ. ಒಂದು ಕಿಲೋ ಶೇಂಗಾ ಹುರಿದು, ಸಿಪ್ಪೆ ತೆಗೆದು ತರಿ ಪುಡಿ ಮಾಡಿ, ಮುಕ್ಕಾಲು ಕಿಲೋ ಬೆಲ್ಲ ಕುಟ್ಟಿ, ಏಲಕ್ಕಿ ಹಾಕಿ ಎಲ್ಲ ತಯಾರಿಟ್ಟಿರಿ. ಶುಕ್ರವಾರ ಸಂಜೆ ಪರಾತ ತಂದು ಹಾಲಿನ ನಡುವೆ ಇಟ್ಟು ನೀವು ಕೂತುಕೊಳ್ಳಿ. ಟೀವಿ ಹಚ್ಚಿದ್ದರೆ ಹಚ್ಚಿರಲಿ. ಯಾರನ್ನೂ ಕರೆಯಬೇಡಿ. ಬಂದು ಕೂತರೆ ಕೂತರು, ಇಲ್ಲವಾದರೆ ನೀವೇ ಕಟ್ಟಿ ಮುಗಿಸಿ, ಒಬ್ಬರಿಗೆ ಒಂದು ತಾಸಿನ ಕೆಲಸ. ಇದನ್ನು ನನಗೆ ಹೇಳಿಕೊಟ್ಟವಳು ಚಿಕ್ಕ ನಾದಿನಿ. ‘ವೈನಿ, ನೀವು ಕರದ್ರ ಕೆಲಸ ಆಗ್ತದ, ಕರೀಲಿಲ್ಲಂದ್ರ ಹಬ್ಬ ಆಗ್ತದ’ ಅಂದಿದ್ದಳು. ಈಗ ಅವಳ ಮಗಳೂ ಬಂದು ಕೂರುತ್ತಾಳೆ. ಕಟ್ಟುವುದಕ್ಕಿಂತ ತಿನ್ನುವುದೇ ಜಾಸ್ತಿ.

ಮಗನ ಹುಟ್ಟುಹಬ್ಬ. ಪಂಚಮಿ ದಿನ ಕೇಕ್ ಬೇಡ. ಚಾಕು ಮುಟ್ಟದ ಮನೆಯಾದರೆ ಕೇಕ್ ಕತ್ತರಿಸುವುದು ಹೇಗೆ ಹೇಳಿ? ಬೆಳಿಗ್ಗೆ ಎಣ್ಣೆ ಹಚ್ಚಿ ನೀರೆರೆದು, ಹೊಸ ಬಟ್ಟೆ ಹಾಕಿ, ಅತ್ತೆಯಂದಿರು ಆರತಿ ಮಾಡಲಿ. ಹಾಲು ಎರೆಯುವಾಗ ಕೊಬ್ಬರಿ ಬಟ್ಟಲು ಅವನ ಕೈಗೇ ಕೊಡಿ, ಅಪ್ಪನ ಪಾಲು, ಅವ್ವನ ಪಾಲು, ಅಜ್ಜಿಯ ಪಾಲು ಅಂತ ಒಂದೊಂದೇ ಹೇಳಿ ಎರೆಯಲಿ. ಮಕ್ಕಳಿಗೆ ಅದು ಇಷ್ಟ, ನಾಯಿಯ ಪಾಲೂ ಸೇರಿಸುತ್ತಾರೆ. ಕೇಕು, ಗೆಳೆಯರು, ಬಲೂನು ಎಲ್ಲ ಷಷ್ಠಿಗೆ. ಅಂದು ಎಣ್ಣೆಯ ಬಾಣಲೆಗೆ ಬಿಡುಗಡೆ, ಗಿರ್ಮಿಟ್ ಜೊತೆ ಮಿರ್ಚಿ ಭಜಿ ಕರಿಯಿರಿ. ಶ್ರಾವಣದಲ್ಲಿ ಮೊಟ್ಟೆ ಮುಟ್ಟದವರು ಬಹಳ ಜನ, ಕೇಕ್ ಹೇಳುವಾಗ ಮೊಟ್ಟೆಯಿಲ್ಲದ್ದು ಅಂತ ಹೇಳಿ. ಜೋಕಾಲಿ ಕಟ್ಟಲು ಜಾಗ ನೋಡಿಕೊಳ್ಳಿ. ನಮ್ಮ ಅಪಾರ್ಟ್‌ಮೆಂಟಿನವರು ಮರಕ್ಕೆ ಹಗ್ಗ ಕಟ್ಟಲು ಬಿಡಲಿಲ್ಲ, ಬಾಲ್ಕನಿಯ ಕೊಂಡಿಗೆ ಕಟ್ಟಿದೆವು. ದೊಡ್ಡವರೂ ಸರದಿ ನಿಂತಿದ್ದರು.

ಪ್ರಶ್ನೆಯ ಕೊನೆಗೆ ಒಂದು ಸಾಲು ಬರೆದಿದ್ದೀರಿ. ‘ನನ್ನ ತವರು ಕೊಪ್ಪಳದ ಹತ್ತಿರ, ಈ ಸಲ ಹೋಗಲು ಆಗುವುದಿಲ್ಲ, ಪರವಾಗಿಲ್ಲ.’ ಯಾಕೆ ಪರವಾಗಿಲ್ಲ? ನೀವೂ ಒಂದು ಮನೆಯ ಮಗಳು. ನಾದಿನಿಯರಿಗೆ ತವರು ಬೇಕು ಅಂತ ಇಷ್ಟು ಕಷ್ಟಪಡುತ್ತಿದ್ದೀರಿ, ನಿಮ್ಮ ಪಾಲಿನ ಪಂಚಮಿ ಯಾವ ಸಾಲಿನಲ್ಲಿದೆ? ನನ್ನ ಎಕ್ಸೆಲ್‌ನಲ್ಲಿ ನನ್ನ ಹೆಸರು ಎಲ್ಲ ಕಡೆ ಇತ್ತು, ಊರಿಗೆ ಹೋಗುವ ಕಡೆ ಮಾತ್ರ ಇರಲಿಲ್ಲ. ಅಣ್ಣ ಎರಡು ಸಲ ಫೋನ್ ಮಾಡಿ ಸುಮ್ಮನಾದ.

ನಿಮ್ಮ ಅಣ್ಣನಿಗೋ ತಮ್ಮನಿಗೋ ಇವತ್ತೇ ಹೇಳಿ, ಷಷ್ಠಿ ರಾತ್ರಿ ಹೊರಡುತ್ತೀನಿ ಅಂತ. ರೈಲಿನ ಬುಕಿಂಗ್ 60 ದಿನ ಮುಂಚೆ ತೆರೆಯುತ್ತದೆ. ಆಗಸ್ಟ್ 15 ಶನಿವಾರ ಬಂದಿದ್ದರಿಂದ ಆ ವಾರ ಹುಬ್ಬಳ್ಳಿ ಕಡೆಯ ರೈಲು, ಬಸ್ಸು ಎಲ್ಲ ತುಂಬಿರುತ್ತವೆ, ತಡ ಮಾಡಬೇಡಿ. ನಾದಿನಿಯರು ಇನ್ನೆರಡು ದಿನ ಇರುತ್ತೀವಿ ಅಂದರೆ ಧಾರಾಳವಾಗಿ ಇರಲಿ. ಮನೆಯಲ್ಲಿ ಅವರ ಅಣ್ಣ ಇರುತ್ತಾರೆ, ಡಬ್ಬಿ ತುಂಬ ಉಂಡಿ ಇರುತ್ತದೆ.