ಬರೆಯದೆ ಬಿಟ್ಟ ಒಂದು ಮಾತು

ಪ್ರಶ್ನೆ: ವಕೀಲರೇ, ನಮಸ್ಕಾರ. ರಾಜೀವ್ ಗಾಂಧಿ ಹತ್ಯೆ ಪ್ರಕರಣದ ಪೇರರಿವಾಳನ್ ಹೇಳಿಕೆಯನ್ನು ಇದ್ದ ಹಾಗೆ ಬರೆದುಕೊಳ್ಳಲಿಲ್ಲ ಅಂತ ನಿವೃತ್ತ ಸಿಬಿಐ ಅಧಿಕಾರಿಯೊಬ್ಬರು ಹೇಳಿದ್ದರಂತೆ. ಹಾಗಾದರೆ ಆತ ನಿರಪರಾಧಿ ಅಂತಲೇ ಅಲ್ವಾ? ತೀರ್ಪು ಯಾಕೆ ಬದಲಾಗಲಿಲ್ಲ?
– ಒಬ್ಬ ನಿವೃತ್ತ ಮೇಷ್ಟ್ರು, ಅರಸೀಕೆರೆ

ಉತ್ತರ: ಮೇಷ್ಟ್ರೇ, ಆ ಅಧಿಕಾರಿ ವಿ. ತ್ಯಾಗರಾಜನ್. ಆಗ ಎಸ್‌ಪಿ ಆಗಿದ್ದರು. 1991ರ ಜೂನ್‌ನಲ್ಲಿ ಬಂಧನವಾದಾಗ ಪೇರರಿವಾಳನ್‌ಗೆ 19 ವರ್ಷ. ಬಾಂಬಿಗೆ ಅಂತ 9 ವೋಲ್ಟಿನ ಎರಡು ಬ್ಯಾಟರಿ ತಂದು ಹತ್ಯೆ ಸಂಚಿನ ರೂವಾರಿ ಶಿವರಾಸನ್‌ಗೆ ಕೊಟ್ಟ ಅನ್ನುವುದು ಮುಖ್ಯ ಆರೋಪ. ಮುಂದೆ ನಮ್ಮ ಬೆಂಗಳೂರಿನ ಕೋಣನಕುಂಟೆಯ ಮನೆಯಲ್ಲಿ ಸತ್ತನಲ್ಲ, ಅದೇ ಶಿವರಾಸನ್.

ಬ್ಯಾಟರಿ ತಂದುಕೊಟ್ಟೆ ಅಂತ ಹುಡುಗ ಹೇಳಿದ. ಅದು ಯಾತಕ್ಕೆ ಅಂತ ಗೊತ್ತಿರಲಿಲ್ಲ ಅಂತಲೂ ಹೇಳಿದ. ತ್ಯಾಗರಾಜನ್ ಮೊದಲ ಮಾತು ಬರೆದುಕೊಂಡರು, ಎರಡನೆಯದನ್ನು ಬಿಟ್ಟರು. ಅದನ್ನೂ ಬರೆದರೆ ತಪ್ಪೊಪ್ಪಿಗೆ ಅನ್ನಿಸಿಕೊಳ್ಳುತ್ತಿರಲಿಲ್ಲ, ಅದಕ್ಕೇ ಬಿಟ್ಟೆ ಅಂತ ಅವರೇ 2013ರಲ್ಲಿ ಹೇಳಿದರು. 2017ರಲ್ಲಿ ಸುಪ್ರೀಂ ಕೋರ್ಟಿಗೆ ಪ್ರಮಾಣಪತ್ರವನ್ನೂ ಕೊಟ್ಟರು. ತಡವಾಯಿತು, ನಿಜ. ಆದರೂ ಸಹಿ ಹಾಕಿ ಹೇಳಿದರಲ್ಲ, ಅದಕ್ಕೆ ನನ್ನ ಗೌರವವಿದೆ.

ಕೊಲೆ ಸಂಚಿನ ಕೇಸಿನಲ್ಲಿ 'ಗೊತ್ತಿತ್ತಾ, ಇಲ್ವಾ' ಅನ್ನುವುದೇ ಜೀವಾಳ. ಮಾಮೂಲಿ ಕೇಸಾಗಿದ್ದರೆ ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಡೆಯುವುದೇ ಇಲ್ಲ. ಈ ಕೇಸು ನಡೆದದ್ದು ಭಯೋತ್ಪಾದನೆ ತಡೆಯುವ ಟಾಡಾ ಕಾಯ್ದೆಯಡಿ; ಅದರಲ್ಲಿ ಎಸ್‌ಪಿ ಬರೆದುಕೊಂಡರೆ ಸಾಕಿತ್ತು. ಟಾಡಾ ಕೋರ್ಟು 1998ರಲ್ಲಿ 26 ಜನರಿಗೂ ಗಲ್ಲು ವಿಧಿಸಿತು. 1999ರಲ್ಲಿ ಸುಪ್ರೀಂ ಕೋರ್ಟು 19 ಜನರನ್ನು ಬಿಟ್ಟಿತು. ಪೇರರಿವಾಳನ್ ಸೇರಿ ನಾಲ್ವರಿಗೆ ಗಲ್ಲು ಖಾಯಂ ಆಯಿತು. ಭಯೋತ್ಪಾದನೆಯ ಟಾಡಾ ಆರೋಪ ನಿಲ್ಲುವುದಿಲ್ಲ ಅಂತ ಅದೇ ತೀರ್ಪು ಹೇಳಿತು. ಟಾಡಾದಡಿ ಬರೆದುಕೊಂಡ ತಪ್ಪೊಪ್ಪಿಗೆ ಮಾತ್ರ ನಿಂತಿತು! ನನಗೆ ಇದು ಇವತ್ತಿಗೂ ಅರಗಿಲ್ಲ.

ನಿರಪರಾಧಿ ಅಂತ ಯಾವ ಕೋರ್ಟೂ ಹೇಳಿಲ್ಲ, ಮೇಷ್ಟ್ರೇ. 2014ರಲ್ಲಿ ಗಲ್ಲು ಜೀವಾವಧಿಯಾಗಿದ್ದು ಕ್ಷಮಾದಾನದ ಅರ್ಜಿ ವರ್ಷಗಟ್ಟಲೆ ಕೊಳೆತದ್ದಕ್ಕೆ. 1999ರ ತೀರ್ಪು ವಾಪಸ್ ಪಡೆಯಿರಿ ಅನ್ನುವ ಅರ್ಜಿ 2018ರಲ್ಲಿ ವಜಾ ಆಯಿತು. 2022ರ ಮೇ 18ರಂದು ಸುಪ್ರೀಂ ಕೋರ್ಟು ಸಂವಿಧಾನದ 142ನೇ ವಿಧಿ (ಪೂರ್ಣ ನ್ಯಾಯ ಒದಗಿಸಲು ಆ ಕೋರ್ಟಿಗಿರುವ ವಿಶೇಷ ಅಧಿಕಾರ) ಬಳಸಿ ಬಿಡುಗಡೆ ಮಾಡಿತು. ತೀರ್ಪು ಹಾಗೇ ಉಳಿದಿದೆ. ಬರೆದುಕೊಂಡವರೇ ಪೂರ್ತಿ ಬರೆಯಲಿಲ್ಲ ಅಂದ ಮೇಲೆ ಸಾಕ್ಷ್ಯವನ್ನು ಮತ್ತೆ ತೂಗಿ ನೋಡಬೇಕಿತ್ತು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಟಾಡಾ 1995ಕ್ಕೇ ಮುಗಿಯಿತು. ಆದರೆ ಸಂಘಟಿತ ಅಪರಾಧ ತಡೆಯುವ ನಮ್ಮ ರಾಜ್ಯದ ಕೋಕಾ ಕಾಯ್ದೆಯಲ್ಲಿ ಎಸ್‌ಪಿ ಬರೆದುಕೊಂಡ ತಪ್ಪೊಪ್ಪಿಗೆಗೆ ಈಗಲೂ ಬೆಲೆ ಇದೆ. ಅಂಥ ಕೇಸಿನಲ್ಲಿ ಸಿಕ್ಕವರ ಮನೆಯವರು ಬಂದರೆ ನಾನು ಮೊದಲು ಕೇಳುವುದು, ಸಹಿಗೆ ಮುಂಚೆ ಹೇಳಿಕೆಯನ್ನು ಓದಿ ಹೇಳಿದರಾ, ಯಾವ ಭಾಷೆಯಲ್ಲಿ ಅಂತ. ಹೇಳಿದ್ದು ಬಿಟ್ಟುಹೋಗಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಿದ ದಿನವೇ ಬಾಯಿಬಿಟ್ಟು ಹೇಳಬೇಕು.